ಹೊಸ ತೊಗರಿ ತಳಿಗೆ ತಡವೇಕೆ?
(ಆಳಂದ ತಾಲೂಕಿನ ನರೋಣಾದ ರೈತರಿಗಾಗಿ ನೀಡಿದ ಭಾಷಣ)



ನರೋಣಾ ಭಾಗದ ಎರೆ ಹೊಲಗಳಲ್ಲಿ ತೊಗರಿ ಬೆಳೆಯುವವರಿಗೆ ನೆಟೆ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೂ-ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಇದನ್ನು ತಡೆಯುವ ಮಾರುತಿ (ಐಸಿಪಿ 8863) ತಳಿ 1986ರಲ್ಲಿ ಬಿಡುಗಡೆಯಾಯಿತು. ಆದರೆ ಅದಕ್ಕೆ ಗೊಡ್ಡು ರೋಗ ತಗಲುತ್ತದೆ. 1993ರಲ್ಲಿ ಬಂದ ಆಶಾ (ಐಸಿಪಿಎಲ್ 87119) ಎರಡೂ ರೋಗಗಳನ್ನು ತಡೆದುಕೊಳ್ಳುತ್ತದೆ. ಮಾಗಲು ಮಾತ್ರ ಸುಮಾರು ಆರು ತಿಂಗಳು ಬೇಕು. ಹಿಂಗಾರಿ ಮಳೆ ಕೈಕೊಟ್ಟ ವರ್ಷ ತೆಳು ಮಣ್ಣಿನಲ್ಲಿ ಅಷ್ಟು ದಿನ ಹಸಿ ಎಲ್ಲಿಂದ ಬರಬೇಕು? ಒಳ್ಳೆಯ ಗುಣಗಳನ್ನೆಲ್ಲ ಒಂದೇ ಬೀಜದಲ್ಲಿ ಬೇಗ ಕೂಡಿಸಿ ಕೊಡಬಾರದೇಕೆ ಎಂದು ರೈತರು ಕೇಳುವುದು ನ್ಯಾಯವೇ.

ತೊಗರಿಯ ಜೀವಕೋಶದಲ್ಲಿ 11 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಗುಣಗಳನ್ನು ನಿರ್ಧರಿಸುವ ಜೀನುಗಳು ಇವುಗಳ ಮೇಲೆ ಸಾಲಾಗಿರುತ್ತವೆ. ಪರಾಗ ಮತ್ತು ಅಂಡ ತಯಾರಾಗುವಾಗ ಈ ಜೋಡಿ ತಂತುಗಳು ಮಗ್ಗುಲಿಗೆ ಮಗ್ಗುಲು ನಿಂತು, ಅಲ್ಲಲ್ಲಿ ತುಂಡಾಗಿ, ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೊಸ ತಳಿ ಹುಟ್ಟುವುದಕ್ಕೆ ಈ ಅದಲುಬದಲು ದೊಡ್ಡ ಆಧಾರ.

ಇದು ಎಲ್ಲೆಡೆ ಒಂದೇ ಸಮನಾಗಿ ಆಗುವುದಿಲ್ಲ. ಚೆನ್ನಾಗಿ ತಿಳಿದುಬಂದದ್ದು ಯೀಸ್ಟಿನಿಂದ, ಅಂದರೆ ಬ್ರೆಡ್ಡನ್ನು ಉಬ್ಬಿಸುವ, ಶಿಂದಿಯನ್ನು ಹುಳಿಯಿಸುವ ಸೂಕ್ಷ್ಮಜೀವಿಯಿಂದ. ಅದರ ಒಂದು ಕೋಶ ಹೀಗೆ ಒಡೆದಾಗ ಹುಟ್ಟುವ ನಾಲ್ಕು ಮರಿಗಳೂ ಒಂದೇ ಚೀಲದಲ್ಲಿ ಉಳಿಯುವುದರಿಂದ ಲೆಕ್ಕ ತಪ್ಪುವುದಿಲ್ಲ. ತಂತುವನ್ನು ಕತ್ತರಿಸುವುದು ಸ್ಪೋ-11 ಎಂಬ ಪ್ರೋಟೀನು ಎಂದು 1997ರಲ್ಲಿ ಗೊತ್ತಾಯಿತು. ಕೆಲವು ತಾಣಗಳಲ್ಲಿ ಅದು ಮತ್ತೆ ಮತ್ತೆ ಕತ್ತರಿಸುತ್ತದೆ, ಉಳಿದೆಡೆ ಅಪರೂಪ. ಯೀಸ್ಟಿನಲ್ಲಿ ಈ ತಾಣಗಳು ಹೆಚ್ಚಾಗಿ ಜೀನಿನ ತಲೆಯ ಬಳಿ, ತಂತು ಸಡಿಲವಾಗಿ ತೆರೆದಿರುವಲ್ಲಿ ಇವೆ. ಹೊಲದ ಒಡ್ಡೂ ಹಾಗೆಯೇ ಅಲ್ಲವೇ, ಮಣ್ಣು ಸಡಿಲವಿದ್ದಲ್ಲಿ ಒಡೆಯುತ್ತದೆ.

ಬೆಳೆಗಳಲ್ಲಿ ಸಾಮಾನ್ಯವಾಗಿ ತಂತುವಿನ ತುದಿಗಳ ಕಡೆ ಅದಲುಬದಲು ಹೆಚ್ಚು, ನಡುಗಂಟಿನ ಸುತ್ತ ಬಹಳ ಕಡಿಮೆ. ಬೇಕಾದ ಜೀನು ಬೇಡವಾದ ಜೀನಿನ ಪಕ್ಕ, ಅಂಥ ಗಟ್ಟಿ ಜಾಗದಲ್ಲಿ ಕೂತರೆ ಎರಡೂ ಒಟ್ಟಿಗೇ ಬರುತ್ತವೆ. ಅವು ಬೇರ್ಪಟ್ಟ ಒಂದು ಗಿಡಕ್ಕಾಗಿ ಸಾವಿರಾರು ಗಿಡಗಳನ್ನು ನೋಡಬೇಕಾದೀತು. ತಡಕ್ಕೆ ಇದೂ ಒಂದು ಕಾರಣ, ಬರೀ ಆಲಸ್ಯವಲ್ಲ. ತೊಗರಿಯ ಜೀನುಗಳ ನಕ್ಷೆ 2012ರಲ್ಲಿ ಪ್ರಕಟವಾದ ಮೇಲೆ ಸಸಿಯ ಎಲೆಯಿಂದಲೇ ಆಯ್ಕೆ ಮಾಡಲು ಅನುಕೂಲವಾಗಿದೆ. ಆದರೆ ನಕ್ಷೆ ನೋಡಿದ ಮಾತ್ರಕ್ಕೆ ತಂತು ಬೇಕಾದಲ್ಲಿ ತುಂಡಾಗುವುದಿಲ್ಲ.

ಇದೇ ಅದಲುಬದಲು ನಿಮ್ಮ ಹೊಲದಲ್ಲೂ ನಡೆಯುತ್ತದೆ. ಜೇನುಹುಳು ನೆರೆಹೊಲದ ಜವಾರಿ ತೊಗರಿಯ ಪರಾಗ ತಂದರೆ, ಮುಂದಿನ ಪೀಳಿಗೆಗಳಲ್ಲಿ ಗುಣಗಳು ಚದುರಿ ರೋಗ ತಡೆಯುವ ಶಕ್ತಿ ಕೆಲವು ಗಿಡಗಳಲ್ಲಿ ತಪ್ಪಿಹೋಗುತ್ತದೆ. ಬೀಜಕ್ಕೆಂದು ಇಡುವ ತಾಕಿಗೆ ಬೇರೆ ತೊಗರಿಯಿಂದ ಕನಿಷ್ಠ 100 ಮೀಟರ್ ಅಂತರವಿರಲಿ. ಬೆರಕೆ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿರಿ.