ಆಟಗಾರ್ತಿ ಕೋಚ್ ಆದಾಗ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದರು. ಅದನ್ನು ನಿಮ್ಮ ಕೈಯಲ್ಲಿರುವ ಮೊಬೈಲೇ ಬೇಕಾದಷ್ಟು ಹೇಳುತ್ತದೆ. ನಾನು ಅಮೆರಿಕದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯ ವಿಷಯ ಹೇಳುತ್ತೇನೆ. ಹೆಸರು ಡಾನ್ ಸ್ಟೇಲಿ.

ಹುಟ್ಟಿದ್ದು 1970ರಲ್ಲಿ, ಫಿಲಡೆಲ್ಫಿಯಾದಲ್ಲಿ. ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿಗೃಹಗಳಲ್ಲಿ ಬೆಳೆದವರು. ಐದು ಮಕ್ಕಳಲ್ಲಿ ಕೊನೆಯವರು. ತಾಯಿ ಬೇರೆಯವರ ಮನೆಗೆಲಸ ಮಾಡುತ್ತಿದ್ದರು. ಹುಡುಗರ ಜೊತೆ ಆಡಿಯೇ ಆಟ ಕಲಿತರು. ಎತ್ತರ ಐದು ಅಡಿ ಆರು ಇಂಚು. ನಮ್ಮ ಕಡೆ ಅದು ಒಳ್ಳೆಯ ಎತ್ತರ, ಆ ಆಟದಲ್ಲಿ ಮಾತ್ರ ಕುಳ್ಳಿ! ಅವರು ಆಡಿದ್ದು ಪಾಯಿಂಟ್ ಗಾರ್ಡ್ ಜಾಗದಲ್ಲಿ. ಅಂದರೆ ಚೆಂಡು ತಂದು, ಯಾರಿಗೆ ಯಾವಾಗ ಕೊಡಬೇಕು ಎಂದು ನಿರ್ಧರಿಸುವ ಕೆಲಸ.

ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡುವಾಗ ಎರಡು ಸಲ ದೇಶದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡರು. ಆದರೆ ಕಾಲೇಜು ಚಾಂಪಿಯನ್‌ಶಿಪ್ ಮಾತ್ರ ಸಿಗಲಿಲ್ಲ. 1991ರ ಫೈನಲ್‌ನಲ್ಲಿ ಒಬ್ಬರೇ 28 ಪಾಯಿಂಟ್ ಗಳಿಸಿದರೂ ತಂಡ ಮೂರು ಪಾಯಿಂಟ್‌ಗಳಿಂದ ಸೋತಿತು. ಮುಂದೆ ಒಲಿಂಪಿಕ್ಸ್‌ನಲ್ಲಿ 1996, 2000, 2004, ಮೂರು ಸಲ ಚಿನ್ನ. 2004ರಲ್ಲಿ ಅಥೆನ್ಸ್‌ನಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದವರೂ ಅವರೇ.

ನನಗೆ ಅಚ್ಚರಿ ಎನಿಸುವುದು ಮುಂದಿನದು. 2000ದಲ್ಲಿ, ಇನ್ನೂ ವೃತ್ತಿಪರ ಆಟ ಬಿಡದಿರುವಾಗಲೇ, ತಮ್ಮ ಊರಿನ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಕೋಚ್ ಆದರು. ಬೇಸಿಗೆಯಲ್ಲಿ ಆಟ, ಚಳಿಗಾಲದಲ್ಲಿ ಕಲಿಸುವುದು. ಆರು ವರ್ಷ ಹೀಗೆ ನಡೆಸಿದರು.

ಚೆನ್ನಾಗಿ ಆಡಿದವರಿಗೆ ಕಲಿಸಲೂ ಬರುತ್ತದೆ ಅಂದುಕೊಳ್ಳಬೇಡಿ. ಪ್ಯಾಟ್ರಿಕ್ ಯೂಯಿಂಗ್ ಅಂತ ಮಹಾ ಆಟಗಾರ, ತಾವು ಓದಿದ ಜಾರ್ಜ್‌ಟೌನ್‌ಗೇ 2017ರಲ್ಲಿ ಕೋಚ್ ಆಗಿ ಬಂದರು. ಒಂದು ವರ್ಷವಂತೂ ಅವರ ತಂಡ ತನ್ನ ಲೀಗಿನ 19 ಪಂದ್ಯಗಳನ್ನೂ ಸೋತಿತು. ನಮ್ಮ ಕಂಪನಿಗಳಲ್ಲೂ ಇದನ್ನು ನೋಡುತ್ತೇವೆ: ಸೊಗಸಾಗಿ ಕೋಡ್ ಬರೆಯುವವನನ್ನು ಟೀಮ್ ಲೀಡ್ ಮಾಡಿದರೆ, ಎಲ್ಲರ ಕೋಡನ್ನೂ ರಾತ್ರಿ ಕೂತು ತಾನೇ ಬರೆಯುತ್ತಾನೆ.

ಸ್ಟೇಲಿಯವರೂ 2008ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದಾಗ ಮೊದಲ ವರ್ಷ ಗೆದ್ದದ್ದು 10, ಸೋತದ್ದು 18. ಕಪ್ ಬರಲು 2017 ಆಗಬೇಕಾಯಿತು. ಆ ತಂಡದ ತಾರೆ ಏಜಾ ವಿಲ್ಸನ್, ಪಕ್ಕದ ಊರಿನ ಹುಡುಗಿ. 2022ರಲ್ಲಿ ಮತ್ತೊಂದು ಕಪ್. 2023ರಲ್ಲಿ ಸತತ 36 ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ಸೋತರು. ಆಮೇಲೆ ಆಟ ಆರಂಭಿಸುತ್ತಿದ್ದ ಐವರೂ ಕಾಲೇಜು ಬಿಟ್ಟು ಹೋದರು. ಹೊಸ ಐವರೊಂದಿಗೆ ಮರುವರ್ಷ ಆಡಿದ್ದು 38, ಗೆದ್ದದ್ದು 38.

ಕಾಲೇಜು ಕೋಚ್‌ನ ಕಷ್ಟ ಇದೇ. ಆಟಗಾರ್ತಿಯಾಗಿದ್ದಾಗ ಕಲಿತದ್ದು ತನ್ನ ಕೈಯಲ್ಲೇ ಇರುತ್ತದೆ. ಕೋಚ್ ಕಲಿಸಿದ್ದೆಲ್ಲ ನಾಲ್ಕು ವರ್ಷಕ್ಕೆ ಗೇಟು ದಾಟಿ ಹೊರಟುಬಿಡುತ್ತದೆ, ಮತ್ತೆ ಮೊದಲಿಂದ ಶುರು. ಇದನ್ನು ನಮ್ಮ ಮೇಷ್ಟ್ರುಗಳಿಗೆ ನಾನು ವಿವರಿಸಬೇಕಾಗಿಲ್ಲ. ಅವರಿಗಂತೂ ಪ್ರತಿ ಏಪ್ರಿಲ್‌ನಲ್ಲೂ ಒಂದು ಬ್ಯಾಚ್ ಹೋಗುತ್ತದೆ.

ಆ ಆಟದಲ್ಲಿ ಕಪ್ ಗೆದ್ದವರು ಬುಟ್ಟಿಯ ಬಲೆಯನ್ನು ಕತ್ತರಿಸಿ ನೆನಪಿಗೆ ಇಟ್ಟುಕೊಳ್ಳುವ ಪದ್ಧತಿ ಇದೆ. 1999ರಲ್ಲಿ ಗೆದ್ದ ಕ್ಯಾರೊಲಿನ್ ಪೆಕ್ ಎಂಬ ಕೋಚ್ ತಮ್ಮ ಬಲೆಯ ಒಂದು ತುಂಡನ್ನು ಸ್ಟೇಲಿಯವರಿಗೆ ಕೊಟ್ಟಿದ್ದರು. ನೀನು ಗೆದ್ದಾಗ ಇನ್ನೊಬ್ಬರಿಗೆ ಕೊಡು ಎಂಬುದು ಕರಾರು. ಸ್ಟೇಲಿ ತಮ್ಮ 2017ರ ಬಲೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ದೊಡ್ಡ ಕಾಲೇಜು ತಂಡಗಳಿಗೆ ಮುಖ್ಯ ಕೋಚ್ ಆಗಿದ್ದ ಕಪ್ಪು ವರ್ಣದ ಮಹಿಳೆಯರಿಗೆಲ್ಲ ಅಂಚೆಯಲ್ಲಿ ಕಳಿಸಿದರು.

ಹಳೆಯ ವಿದ್ಯಾರ್ಥಿಗಳು ಈ ಶಾಲೆಗೆ ಬೆಂಚು ಕೊಟ್ಟಿದ್ದೇವೆ, ಫ್ಯಾನು ಕೊಟ್ಟಿದ್ದೇವೆ, ಅದರ ಮೇಲೆ ಹೆಸರೂ ಬರೆಸಿದ್ದೇವೆ. ಸಂತೋಷ. ಆದರೆ ಇಲ್ಲಿ ಖೋಖೋ ಆಡಿ ಜಿಲ್ಲಾ ಮಟ್ಟಕ್ಕೆ ಹೋದ ಅಕ್ಕಂದಿರು ಇದೇ ಸಭೆಯಲ್ಲಿದ್ದಾರೆ, ಎಂಟನೇ ತರಗತಿಯ ಹುಡುಗಿಯರು ಅವರನ್ನು ಮೈದಾನದಲ್ಲಿ ನೋಡಿಯೇ ಇಲ್ಲ. ಜೂನ್‌ನಿಂದ ತಿಂಗಳಿಗೆ ಎರಡು ಶನಿವಾರ ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಡಲು ನಾನು ಬರುತ್ತೇನೆ ಎಂದು ಹೆಡ್‌ಮಾಸ್ಟರಿಗೆ ತಿಳಿಸಿದ್ದೇನೆ. ನೋಟ್‌ಬುಕ್ ಅವರ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ, ಅಕ್ಕಂದಿರೇ, ದಯವಿಟ್ಟು ನಿಮ್ಮ ಹೆಸರೂ ಬರೆಯಿರಿ.