ಇಸಿಲಕ್ಕೆ ಬಂದ ಓಲೆ



1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ರಾಯಚೂರು ಜಿಲ್ಲೆಯ ಮಸ್ಕಿಯ ಸುತ್ತ ನಿಜಾಮ ಸರ್ಕಾರಕ್ಕಾಗಿ ಚಿನ್ನ ಹುಡುಕುತ್ತಿದ್ದರು. ಚಿನ್ನದ ಬದಲು ಅಕ್ಷರ ಸಿಕ್ಕಿತು. ಈ ಹೈದರಾಬಾದ್ ನಗರದಲ್ಲಿ ಪುರಾತತ್ವ ಇಲಾಖೆ ಹುಟ್ಟಿ ಆಗಿನ್ನೂ ಒಂದು ವರ್ಷ. ಗುಲಾಂ ಯಜ್ದಾನಿ ಅದರ ಮೊದಲ ನಿರ್ದೇಶಕರು. ಇಲಾಖೆ ತನ್ನ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅಚ್ಚು ಹಾಕಿಸಿದ್ದು ಮಸ್ಕಿಯ ಈ ಶಾಸನವನ್ನೇ. ಓದಿಕೊಟ್ಟವರು ಎಚ್. ಕೃಷ್ಣಶಾಸ್ತ್ರಿಗಳು.

ಆ ಬಂಡೆಯ ಮೇಲೆ ಒಂದು ಹೆಸರಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ ಮೇಲೆ ಉತ್ತರದ ಶಾಸನಗಳನ್ನೆಲ್ಲ ಓದಿಯಾಗಿತ್ತು. ಆದರೆ ಅವುಗಳಲ್ಲಿ ಅರಸ ತನ್ನನ್ನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಳ್ಳುತ್ತಾನೆ. ಅವನೇ ಅಶೋಕ ಎನ್ನಲು ಸಿಂಹಳದ ಗ್ರಂಥಗಳ ಆಸರೆ ಬೇಕಾಗಿತ್ತು. ಮಸ್ಕಿಯಲ್ಲಿ ಮೊದಲ ಬಾರಿಗೆ ‘ಅಸೋಕಸ’ ಎಂದು ಕಲ್ಲಿನ ಮೇಲೇ ಕಂಡಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿದೆ. ರಾಜಧಾನಿಯ ಸುತ್ತಮುತ್ತ ಕಾಣದ ಹೆಸರು ಅಂಚಿನ ಸೀಮೆಯಲ್ಲಿ ಕಾಣುವುದು ನನಗೆ ಇವತ್ತಿಗೂ ಸೋಜಿಗ. ಬಹುಶಃ ಮನೆಯ ಹತ್ತಿರ ಬಿರುದು ಸಾಕಾಗುತ್ತಿತ್ತೇನೋ; ಇಷ್ಟು ದೂರ ಬಂದ ಮೇಲೆ ಯಾರೆಂದು ಹೇಳಿಕೊಳ್ಳಲೇಬೇಕು.

ಈ ಉಪನ್ಯಾಸದ ವಿಷಯ ಯಾವುದೆಂದು ಸಂಘಟಕರು ಕೇಳಿದಾಗ ಮೊದಲು ನಾನು ‘ರೋಮನ್ನರ ಕಾಲದ ಬ್ರಿಟನ್’ ಎಂದುಬಿಟ್ಟಿದ್ದೆ. ದೂರದ ಗಡಿಪ್ರಾಂತವೊಂದನ್ನು ಸಾಮ್ರಾಜ್ಯ ಹೇಗೆ ಆಳಿತು ಎಂಬುದಕ್ಕೆ ಜಗತ್ತು ಕೊಡುವ ಮಾದರಿ ಅದು. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಅಲ್ಲಿಗೆ ಇಳಿಯಿತು, 410ರ ಹೊತ್ತಿಗೆ ಅವರ ಆಳ್ವಿಕೆ ಮುಗಿಯಿತು. ನಡುವೆ, 122ರಲ್ಲಿ, ಹೇಡ್ರಿಯನ್ ಚಕ್ರವರ್ತಿ ಕಡಲಿಂದ ಕಡಲಿಗೆ ಸುಮಾರು 117 ಕಿ.ಮೀ. ಉದ್ದದ ಗೋಡೆಯ ಕೆಲಸ ಹಿಡಿಸಿದ. ಅದರ ಬಗ್ಗೆ ಓದುತ್ತ ಹೋದಂತೆ ಒಬ್ಬ ಮನುಷ್ಯ ನನ್ನ ಕೈಹಿಡಿದು ಮೊಳಕಾಲ್ಮೂರಿಗೆ ಕರೆತಂದ. ಅವನ ಹೆಸರು ಮಾರ್ಟಿಮರ್ ವೀಲರ್.

ವೀಲರ್ 1930ರ ದಶಕದಲ್ಲಿ ಇಂಗ್ಲೆಂಡಿನ ವೆರುಲೇಮಿಯಂ ಎಂಬ ರೋಮನ್ ಪಟ್ಟಣವನ್ನೂ ಆಮೇಲೆ ಮೇಡನ್ ಕಾಸಲ್ ಕೋಟೆಯನ್ನೂ ಅಗೆದು ಹೆಸರಾದವರು. 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ರೋಮನ್ ವ್ಯಾಪಾರದ ಮಡಕೆಗಳನ್ನು ಗುರುತಿಸಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯಲ್ಲೂ ಗುದ್ದಲಿ ಹಾಕಿದರು. ರೋಮಿನ ಗಡಿಪ್ರಾಂತ ಬಲ್ಲವನು ಮೌರ್ಯರ ಗಡಿಪ್ರಾಂತಕ್ಕೆ ಬಂದಿದ್ದ.

ಬ್ರಹ್ಮಗಿರಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗರಾಮೇಶ್ವರ ಬೆಟ್ಟದಲ್ಲಿ ಅಶೋಕನ ಮೂರು ಶಾಸನಗಳನ್ನು ಕಂಡಿದ್ದರು. ಊರವರಿಗೆ ಆ ಕಲ್ಲುಗಳು ಹೊಸವೇನಲ್ಲ. ಬ್ರಹ್ಮಗಿರಿಯದನ್ನು ‘ಅಕ್ಷರ ಗುಂಡು’ ಎನ್ನುತ್ತಿದ್ದರು. ಜಟಿಂಗರಾಮೇಶ್ವರದ್ದು ‘ಬಳೆಗಾರ ಗುಂಡು’, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಚಕ್ರವರ್ತಿಯ ಆಜ್ಞೆಯ ಮೇಲೆ ಬಳೆ ಮಲಾರ ಬಿಚ್ಚಿಟ್ಟುಕೊಂಡು ಕೂತವರ ಬಗ್ಗೆ ನನಗೆ ಸಿಟ್ಟಿಲ್ಲ. ಅಕ್ಷರ ಸವೆದದ್ದು ನಿಜ. ಆದರೆ ಓದಲು ಬಾರದ ಆಜ್ಞೆಯನ್ನು ಊರು ಎರಡು ಸಾವಿರ ವರ್ಷ ಹೇಗೆ ಇಟ್ಟುಕೊಳ್ಳಬೇಕಿತ್ತು?

ಬ್ರಹ್ಮಗಿರಿಯ ಕಲ್ಲಿನ ಮೇಲಿನ ಓಲೆ ಶುರುವಾಗುವ ಬಗೆ ನೋಡಿ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳ ಮಾತಿನಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು; ಆಮೇಲೆ ದೇವಾನಾಂಪ್ರಿಯರ ಅಪ್ಪಣೆ ತಿಳಿಸಬೇಕು. ಇದು ಅಪ್ಪಟ ಕಚೇರಿ ಟಪಾಲು. ಪಾಟಲಿಪುತ್ರದಿಂದ ಬ್ರಹ್ಮಗಿರಿಗೆ ಹಕ್ಕಿ ಹಾರಿದಂತೆ ಅಳೆದರೂ ಸುಮಾರು 1,500 ಕಿ.ಮೀ. ನಡುವೆ ರಾಜಕುಮಾರನೊಬ್ಬ ಆಳುವ ಪ್ರಾಂತದ ರಾಜಧಾನಿ, ಅದರ ಕೆಳಗೆ ಇಸಿಲ, ಎಂದರೆ ಈ ಬ್ರಹ್ಮಗಿರಿಯ ಊರು. ಮೇಲಿನ ಕಾಗದ ನೇರವಾಗಿ ಕೆಳಗೆ ಬರುವುದಿಲ್ಲ, ನಡುವಿನ ಕಚೇರಿಯ ಮೂಲಕವೇ ಬರಬೇಕು. ಸರ್ಕಾರಿ ನೌಕರಿ ಮಾಡಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ, ನಿಮಗೆ ವಿವರಿಸಬೇಕಿಲ್ಲ.

ಸುವರ್ಣಗಿರಿ ಯಾವುದೆಂಬ ಜಗಳ ಹಳೆಯದು. ಕನಕಗಿರಿ ಎನ್ನುವವರಿದ್ದಾರೆ, ಮಸ್ಕಿ ಎನ್ನುವವರಿದ್ದಾರೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಹತ್ತಿರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಇಸಿಲದ ವಿಷಯದಲ್ಲಿ ನಮಗೆ ಹೆಚ್ಚಿನ ಮಮತೆ, ಯಾಕೆಂದರೆ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ ಅದನ್ನು ಕೋಟೆ ಎಂಬ ಅರ್ಥದ ಕನ್ನಡ ಮಾತೆಂದು ವಾದಿಸಿದರು. ಅದು ಒಪ್ಪಿತವಾದರೆ ಬರಹದಲ್ಲಿ ಸಿಕ್ಕ ನಮ್ಮ ಮೊದಲ ಪದ ಕವಿಯದ್ದೂ ಅಲ್ಲ, ದಾನಿಯದ್ದೂ ಅಲ್ಲ, ಒಂದು ವಿಳಾಸ.

ವೀಲರ್ ಕಥೆಗೆ ಬರೋಣ, ಅದರಲ್ಲೊಂದು ಪಾಠವಿದೆ. ಬ್ರಹ್ಮಗಿರಿಯಲ್ಲಿ ಅವರಿಗೆ ಮೂರು ಪದರ ಸಿಕ್ಕವು: ಕೆಳಗೆ ನುಣುಪು ಮಾಡಿದ ಕಲ್ಲುಗೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಕಲ್ಲುಗೋರಿ ಕಟ್ಟಿದ ಜನ, ಎಲ್ಲಕ್ಕೂ ಮೇಲೆ ಆಂಧ್ರ ಅಥವಾ ಸಾತವಾಹನ ಕಾಲದ ಊರು. ಇವುಗಳ ಕಾಲ ಹೇಳುವುದು ಹೇಗೆ? ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತ್ತು. ಅರಿಕಮೇಡುವಿನಲ್ಲಿ ಕಂಡಂಥದೇ ಗೆರೆಚಿತ್ತಾರದ ಮಡಕೆಗಳು ಇಲ್ಲೂ ಇದ್ದವು. ರೋಮಿನ ಗಡಿಯಾರ ಹಿಡಿದು ವೀಲರ್ ಹಿಂದಕ್ಕೆ ಎಣಿಸಿದರು. ಆಂಧ್ರ ಪದರ ಕ್ರಿ.ಶ. ಮೊದಲ ಶತಮಾನದ ನಡುವೆ ಶುರು, ಕಲ್ಲುಗೋರಿಗಳು ಕ್ರಿ.ಪೂ. 200ರಿಂದೀಚೆಗೆ ಎಂದರು. ಹಾಗಾದರೆ ಅಶೋಕನ ಓಲೆ ಬಂದಾಗ ಇಸಿಲದಲ್ಲಿ ಕಲ್ಲುಗೊಡಲಿ ಹಿಡಿದವರು ಇದ್ದರೆಂದಾಯಿತು! ಕಬ್ಬಿಣ, ನಾಗರಿಕತೆ ಎಲ್ಲ ಮೌರ್ಯರ ಹಿಂದೆ ಉತ್ತರದಿಂದ ಬಂತೆಂಬ ಕಥೆಗೆ ಇದು ಚೆನ್ನಾಗಿ ಹೊಂದಿಕೊಂಡಿತು.

ಹೊಂದಿಕೊಂಡಿತು, ಆದರೆ ನಿಲ್ಲಲಿಲ್ಲ. ಇಂಗಾಲದ ಕಾಲಮಾಪನ ಬಂದ ಮೇಲೆ ಕರ್ನಾಟಕದ ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು, ಕಲ್ಲುಗೊಡಲಿಯವರು ಇನ್ನೂ ಸಾವಿರಾರು ವರ್ಷ ಹಿಂದಕ್ಕೆ ಸರಿದರು. ಓಲೆ ಬಂದಾಗ ಇಲ್ಲಿಯವರು ಏಳೆಂಟು ನೂರು ವರ್ಷದಿಂದ ಕಬ್ಬಿಣ ಕಾಯಿಸಿ ಬಡಿಯುತ್ತಿದ್ದರು. ವೀಲರ್ ದೊಡ್ಡವರು, ಅಗೆತದ ಶಿಸ್ತನ್ನು ಒಂದು ತಲೆಮಾರಿಗೆ ಕಲಿಸಿದವರು. ಅವರ ತಪ್ಪು ಗುದ್ದಲಿಯದ್ದಲ್ಲ, ಅಭ್ಯಾಸದ್ದು. ರೋಮಿನ ಗಡಿಪ್ರಾಂತಗಳಲ್ಲಿ ಕೆಲಸ ಮಾಡಿದವನಿಗೆ ನಾಗರಿಕತೆ ಯಾವಾಗಲೂ ರಸ್ತೆಯ ಆ ತುದಿಯಿಂದಲೇ ಬರುತ್ತದೆ.

ಇನ್ನು ಇದನ್ನು ಮೌರ್ಯರ ‘ಪ್ರಾಂತ’ ಎನ್ನಬಹುದೆ? ಶಾಲೆಯ ಭೂಪಟದಲ್ಲಿ ಚಿತ್ರದುರ್ಗದವರೆಗೆ ಒಂದೇ ಬಣ್ಣ ಬಳಿದಿರುತ್ತಾರೆ. ಇತಿಹಾಸಜ್ಞೆ ರೋಮಿಲಾ ಥಾಪರ್ ಅವರೇ ತಮ್ಮ ಹಿಂದಿನ ನಿಲುವನ್ನು ತಿದ್ದಿಕೊಂಡು, ಮಗಧದ ಒಡಲಿನಲ್ಲಿದ್ದ ಬಿಗಿ ಅಂಚಿನ ಸೀಮೆಗಳಲ್ಲಿ ಇರಲಿಲ್ಲ ಎಂದರು. ನನಗೂ ಹಾಗೇ ಅನ್ನಿಸುತ್ತದೆ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉದೇಗೋಳ, ಬ್ರಹ್ಮಗಿರಿ, ಅತ್ತ ಎರ್ರಗುಡಿ: ಇವು ಬಣ್ಣ ಬಳಿದ ಹಾಳೆಯಲ್ಲ, ಹಗ್ಗಕ್ಕೆ ಹಾಕಿದ ಗಂಟುಗಳು. ಹಗ್ಗ ಯಾವ ಕಡೆ ಹಾಯುತ್ತದೆಂದು ನೋಡಿದರೆ ಬಹುಪಾಲು ಚಿನ್ನದ ನೆಲದ ಕಡೆಗೆ. ಮಸ್ಕಿಯ ಹತ್ತಿರದ ಹಟ್ಟಿಯಲ್ಲಿ ಹಳಬರು ಅಗೆದ ಸುರಂಗಗಳು ನೂರಾರು ಅಡಿ ಆಳಕ್ಕೆ ಇಳಿದಿವೆ. 1947ರಲ್ಲಿ ಅಲ್ಲಿ ಗಣಿ ಕಂಪನಿ ಹುಟ್ಟಿದಾಗ ಅದರ ಹೆಸರು ‘ಹೈದರಾಬಾದ್ ಗೋಲ್ಡ್ ಮೈನ್ಸ್’. ಸುವರ್ಣಗಿರಿಯ ಆರ್ಯಪುತ್ರನಿಗೆ ಈ ಹೆಸರಿನ ತರ್ಕ ತಟ್ಟನೆ ಅರ್ಥವಾಗುತ್ತಿತ್ತು.

ಈ ಸಭೆಯಲ್ಲೇ ಹೇಳಬೇಕಾದ ಮಾತೊಂದಿದೆ. ಮಸ್ಕಿ, ಕೊಪ್ಪಳಗಳನ್ನು ಜಗತ್ತಿಗೆ ತಿಳಿಸಿದ್ದು ಈ ನಗರ. 1931ರಲ್ಲಿ ಸಿಕ್ಕ ಕೊಪ್ಪಳದ ಎರಡು ಶಾಸನಗಳನ್ನು ಭಾಷಾವಿದ್ವಾಂಸ ಟರ್ನರ್ ಅವರಿಂದ ಓದಿಸಿ 1932ರಲ್ಲಿ ಅದೇ ಗ್ರಂಥಮಾಲೆಯಲ್ಲಿ ಹೊರತಂದಿತು. ಆದರೆ ಹೈದರಾಬಾದಿಗೂ ಅವು ದೂರದ ಸೀಮೆಗಳೇ ಆಗಿದ್ದವು. ಕೊಪ್ಪಳವಂತೂ ದಿವಾನ ಮನೆತನದ ಸಾಲಾರ್ ಜಂಗರ ಜಾಗೀರು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಆಗಿನ ಮೈಸೂರು ರಾಜ್ಯಕ್ಕೆ, ಎಂದರೆ ಇಂದಿನ ಕರ್ನಾಟಕಕ್ಕೆ ಸೇರಿದವು. ಆಮೇಲೂ ಆ ಸೀಮೆಗೆ 2019ರವರೆಗೆ ‘ಹೈದರಾಬಾದ್ ಕರ್ನಾಟಕ’ ಎಂದೇ ಹೆಸರು. ಪಾಟಲಿಪುತ್ರಕ್ಕೆ ಅಂಚು, ಹೈದರಾಬಾದಿಗೆ ಅಂಚು, ಬೆಂಗಳೂರಿಗೂ ಅಂಚು. ಮಸ್ಕಿ ಸೀಮೆಯ ಲಿಂಗಸುಗೂರಿನ ರೈತ ಮಾತ್ರ ಈ ಯಾವ ಕಾಲದಲ್ಲೂ ತಾನು ಅಂಚಿನಲ್ಲಿದ್ದೇನೆಂದು ಬಿತ್ತನೆ ನಿಲ್ಲಿಸಿದವನಲ್ಲ.

ಅಶೋಕನ ಆಜ್ಞೆ ಅಂಥ ರೈತನಿಗೆ ತಲುಪಿದ್ದು ಹೇಗೆ? ಎರ್ರಗುಡಿಯ ಪಾಠದಲ್ಲಿ ಒಂದು ಸುಳಿವಿದೆ: ರಜ್ಜುಕನೆಂಬ ಅಧಿಕಾರಿ ಭೇರಿ ಹೊಡೆಸಿ ಜನರನ್ನು ಕೂಡಿಸಿ ಹೇಳಬೇಕು. ಡಂಗುರ ಸಾರುವುದು ಅಷ್ಟು ಹಳೆಯದು. ಕಲ್ಲಿನಲ್ಲಿದ್ದದ್ದು ಪ್ರಾಕೃತ, ಭೇರಿಯ ಸುತ್ತ ನಿಂತವರದ್ದು ಬೇರೆ ನುಡಿ. ನಡುವೆ ಯಾರೋ ಒಬ್ಬ ನಿಂತು ತಂದೆತಾಯಿ ಮಾತು ಕೇಳಬೇಕಂತೆ, ಜೀವಗಳ ಮೇಲೆ ದಯೆ ಇರಬೇಕಂತೆ, ನಿಜ ಹೇಳಬೇಕಂತೆ ಎಂದು ಊರ ಮಾತಿಗೆ ತಿರುಗಿಸಿರಲೇಬೇಕು. ನಿಜಾಮರ ಕಾಲದಲ್ಲಿ ಉರ್ದು ಫರ್ಮಾನು ಹಳ್ಳಿಗೆ ಬಂದಾಗ ಕುಲಕರ್ಣಿ ಮಾಡುತ್ತಿದ್ದ ಕೆಲಸವೂ ಇದೇ. ಪಹಣಿ, ಖುಷ್ಕಿ, ತರಿ ಎಂಬ ಮಾತುಗಳು ನಮ್ಮವಾದದ್ದು ಅಂಥವರ ಬಾಯಿಂದ. ಅವರ ‘ಅಂತೆ’ ಯಾವ ಬಂಡೆಯ ಮೇಲೂ ಇಲ್ಲ.

ರೋಮಿನ ಗಡಿಯಲ್ಲಿ ಇದಕ್ಕೆ ವಿರುದ್ಧವಾದ ಭಾಗ್ಯ. ಹೇಡ್ರಿಯನ್ ಗೋಡೆಯ ಹತ್ತಿರದ ವಿಂಡೊಲಾಂಡ ಕೋಟೆಯ ಒದ್ದೆ ಮಣ್ಣಿನಲ್ಲಿ 1973ರಿಂದ ತೆಳು ಮರದ ಓಲೆಗಳು ಸಿಗುತ್ತಿವೆ. ಕ್ರಿ.ಶ. 100ರ ಆಸುಪಾಸಿನಲ್ಲಿ ಅಧಿಕಾರಿಯೊಬ್ಬನ ಹೆಂಡತಿ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದು ಬರೆದ ಕಾಗದವೂ ಅವುಗಳಲ್ಲಿದೆ. ಆದರೂ ಆಳಿಸಿಕೊಂಡ ಬ್ರಿಟನ್ನರ ದನಿ ಅಲ್ಲೂ ಇಲ್ಲ. ಅವರ ಮುಖಂಡನ ಭಾಷಣವೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟದ್ದು ಅವನ ಸ್ವಂತ ರಚನೆ, ಅವನೋ ಆ ಪ್ರಾಂತವನ್ನಾಳಿದ ಅಗ್ರಿಕೊಲನ ಅಳಿಯ!

ನಮ್ಮಲ್ಲಿ ದನಿ ಬಿಟ್ಟುಹೋದವನು ಒಬ್ಬನಿದ್ದಾನೆ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡ ಎಂಬ ಬರಹಗಾರ ತನ್ನ ಸಹಿ ಹಾಕಿದ್ದಾನೆ. ಚಪಡನು ಬರೆದದ್ದು ಎಂಬಷ್ಟು ಬ್ರಾಹ್ಮಿಯಲ್ಲಿದೆ. ‘ಲಿಪಿಕರ’ ಎಂಬ ತನ್ನ ಉದ್ಯೋಗದ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕಡೆದಿದ್ದಾನೆ. ಆ ಲಿಪಿ ವಾಯವ್ಯದ ಗಾಂಧಾರದ ಕಡೆಯದು, ಬ್ರಹ್ಮಗಿರಿಯಿಂದ 2,000 ಕಿ.ಮೀ.ಗೂ ಆಚೆ. ಇಸಿಲದಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ ಇದ್ದಿರಬೇಕು. ವರ್ಗವಾಗಿ ದೂರದೂರಿಗೆ ಬಂದವನು ಕೆಲಸ ಮುಗಿದ ಮೇಲೆ ತನ್ನ ಊರಿನ ಅಕ್ಷರದಲ್ಲಿ ಒಂದು ಮಾತು ಗೀಚಿದ. ಇಡೀ ಶಾಸನದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬರೆದದ್ದು ಅದೊಂದೇ ಎಂದು ನಾನು ನಂಬಿದ್ದೇನೆ. ಹೈದರಾಬಾದಿನ ತೆಲುಗು, ಉರ್ದು ಫಲಕಗಳ ನಡುವೆ ಮನೆಯ ಬಾಗಿಲಿಗೆ ಕನ್ನಡದಲ್ಲಿ ಹೆಸರು ಬರೆಸಿಕೊಂಡ ನಿಮಗೆ ಚಪಡನ ಪರಿಚಯ ನಾನು ಮಾಡಿಸಬೇಕಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯನ್ನು ಹೇಳದೆ ಮುಗಿಸಲಾರೆ. ಭೀಮಾ ತೀರದ ಚಂದ್ರಲಾಂಬೆಯ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು 1989ರಲ್ಲಿ ತಿಳಿಯಿತು. ದೇವಿಯನ್ನು ನಿಲ್ಲಿಸಲು ಬರಹದ ನಡುವೆಯೇ ಕುಳಿ ತೋಡಿದ್ದರು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅರಸನೊಬ್ಬನ ಉಬ್ಬುಶಿಲ್ಪ ಸಿಕ್ಕಿತು, ಅಡಿಯಲ್ಲಿ ‘ರಾಯಾ ಅಸೋಕೋ’ ಎಂಬ ಬರಹ. ಅವನ ಆಳ್ವಿಕೆ ಮುಗಿದು ಶತಮಾನಗಳಾದ ಮೇಲೆ ಇಲ್ಲಿಯವರು ತಾವಾಗಿ ಕೆತ್ತಿಸಿಕೊಂಡದ್ದು ಅದು.

ಕೊನೆಗೊಂದು ಕೋರಿಕೆ. ಮಸ್ಕಿ ಬೆಂಗಳೂರಿಗಿಂತ ಹೈದರಾಬಾದಿಗೇ ಹತ್ತಿರ. ರಾಯಚೂರಿನ ಮೇಲೆ ದಾರಿ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೂಟದ ಹೊತ್ತಿಗೆ ಬಂಡೆಯ ಮುಂದೆ ಇರುತ್ತೀರಿ. ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹೋಗಿಬನ್ನಿ.