ಬಂದೂಕಿನ ನಳಿಗೆಯ ಆಯುಷ್ಯ

ನಮ್ಮ ಮನೋಳಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ, ೧೮೦೦ನೆಯ ಇಸವಿ ಜುಲೈ ೩೦ರಂದು ಕರ್ನಲ್ ವೆಲ್ಲೆಸ್ಲಿಯ ದಂಡು ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದಿತು. ಅಂದಿನ ಕಾಲಾಳಿನ ಬಂದೂಕಿನ ನಳಿಗೆ ಒಳಗೆ ನುಣುಪು. ನೂರು ಗಜದಾಚೆ ಅದರ ಗುಂಡು ಯಾರಿಗೆ ತಗಲೀತೆಂಬುದು ಹೊಡೆದವನಿಗೇ ತಿಳಿಯದು. ಅಂಥ ನಳಿಗೆ ಅಷ್ಟಿಷ್ಟು ಸವೆದರೆ ಕೇಳುವವರಾರು?

ಪಂದ್ಯದ ರೈಫಲ್ಲಿನ ಮಾತು ಬೇರೆ. ಅದರ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಅವನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ತಿರುಗುವುದರಿಂದಲೇ ನೆಟ್ಟಗೆ ಸಾಗುತ್ತದೆ. ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಸ್ಪರ್ಧೆಯಲ್ಲಿ ಗುರಿ ಇದ್ದದ್ದು ೫೦ ಮೀಟರ್ ದೂರ. ಹತ್ತು ಅಂಕದ ವೃತ್ತದ ಅಡ್ಡಳತೆ ೧೦.೪ ಮಿಲಿಮೀಟರ್, ಅಂಗಿಯ ಗುಂಡಿಯಷ್ಟು.

ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ತಿಂದಂತೆ ಗುಂಡು ನಳಿಗೆಯನ್ನು ಉಜ್ಜಿ ಸವೆಸುತ್ತದೆಂದು ಬಹುಜನರ ಎಣಿಕೆ. ನನ್ನದೂ ಹಾಗೆಯೇ ಇತ್ತು. ದೊಡ್ಡ ರೈಫಲ್ಲಿಗೆ ನಿಜವಾದ ವೈರಿ ಬೆಂಕಿ. ಉರಿದ ಮದ್ದಿನ ಅನಿಲ ಉಕ್ಕನ್ನು ಕರಗಿಸುವಷ್ಟು ಬಿಸಿ. ಕ್ಷಣಮಾತ್ರ ಇರುವುದರಿಂದ ನಳಿಗೆ ಬದುಕುತ್ತದೆ, ಅಷ್ಟೆ. ಆದರೂ ಕಾಡತೂಸು ಕೂಡುವ ಮನೆಯ ಮುಂದೆ, ನಳಿಗೆಯ ಗಂಟಲಲ್ಲಿ, ಬಿರುಕು ಮೂಡುತ್ತದೆ. ವೈಶಾಖದಲ್ಲಿ ನಮ್ಮ ಎರೆಹೊಲ ಬಿರಿದದ್ದನ್ನು ನೋಡಿದ್ದೀರಷ್ಟೆ, ಅದೇ ಚಿತ್ರ. ಕ್ರಮೇಣ ಗೀರುಗಳ ಮೊದಲ ತುದಿ ತೊಳೆದುಹೋಗಿ ಗುಂಡು ಸೊಟ್ಟಗೆ ಹೊಕ್ಕತೊಡಗುತ್ತದೆ.

೭.೬೨ ಮಿಲಿಮೀಟರಿನ ಪಂದ್ಯದ ನಳಿಗೆ ನಾಲ್ಕೈದು ಸಾವಿರ ಗುಂಡಿನವರೆಗೆ ನಂಬಿಗಸ್ತವೆಂದು ಬಲ್ಲವರ ಅಂದಾಜು. ಒಂದು ಗುಂಡು ಒಳಗಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಎಲ್ಲ ಕೂಡಿಸಿದರೆ ಆ ನಳಿಗೆಯ ದುಡಿಮೆ ಐದಾರು ಸೆಕೆಂಡು! ಒಂದರ ಹಿಂದೊಂದು ಅವಸರದಿಂದ ಹಾರಿಸಿ ಕಾಯಿಸಿದರೆ ಅದೂ ಇಲ್ಲ.

ಕುಸಾಳೆಯವರ ಸ್ಪರ್ಧೆಯ ೫.೬ ಮಿಲಿಮೀಟರ್ ರೈಫಲ್ಲಿಗೆ ಸೀಸದ ಮೆತ್ತಗಿನ ಗುಂಡು, ಚಿಟಿಕೆ ಮದ್ದು. ಹತ್ತಾರು ಸಾವಿರ ಗುಂಡು ಹಾರಿದರೂ ಅದು ಬಾಳುತ್ತದೆ. ಅದನ್ನು ಕೆಡಿಸುವುದು ಬಹಳ ಸಲ ಯಜಮಾನನ ಕೈಯೇ. ಒರೆಸುವ ಕೋಲನ್ನು ಮುಂದಿನ ಬಾಯಿಂದ ತುರುಕಿದರೆ ಬಾಯಂಚು ಒಂದು ಮಗ್ಗುಲಿಗೆ ಸವೆಯುತ್ತದೆ. ಗುಂಡು ಹೊರಡುವಾಗ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಅದನ್ನು ಓಲಿಸುತ್ತದೆ. ಕೋಲು ಯಾವಾಗಲೂ ಹಿಂದಿನಿಂದಲೇ ಹೋಗಬೇಕು.

ಕಷ್ಟವೆಂದರೆ, ನಳಿಗೆ ಒಂದೇ ದಿನ ಕೆಡುವುದಿಲ್ಲ. ಗುಂಡು ಹಾರುತ್ತದೆ, ಸಪ್ಪಳವೂ ಅದೇ. ಅಂಕ ಮಾತ್ರ ಇಳಿಯುತ್ತದೆ. ಬೇರೆಯವರು ಬಳಸಿದ ಸಣ್ಣ ರೈಫಲ್ ಹಿಡಿದ ಹುಡುಗನೊಬ್ಬನನ್ನು ನಾನು ಬಲ್ಲೆ. ವರ್ಷವಿಡೀ ಉಸಿರು ತಿದ್ದಿದ, ನಿಲುವು ತಿದ್ದಿದ, ಕಣ್ಣು ಪರೀಕ್ಷೆ ಮಾಡಿಸಿದ. "ನನ್ನ ಕೈಯೇ ಸರಿಯಿಲ್ರಿ ಸರ, ಬಿಟ್ಟು ಬಿಡ್ತೀನಿ" ಎಂದ. ಕೊನೆಗೆ ರೈಫಲ್ಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಮೂರು ಬಗೆಯ ಕಾಡತೂಸು ಹಾಕಿ ಹೊಡೆದು ನೋಡಿದೆವು. ಯಾರ ಕೈಯೂ ಸೋಂಕದೆಯೇ ಗುಂಡುಗಳು ಚದುರಿದವು. ಹುಡುಗ ಆ ಕಾಗದವನ್ನು ಎಷ್ಟೋ ಹೊತ್ತು ನೋಡುತ್ತ ನಿಂತ. ಕುಶಲ ಕೆಲಸಗಾರನೊಬ್ಬ ಬಾಯನ್ನು ಬೆರಳಗಲ ಕತ್ತರಿಸಿ ಅಂಚನ್ನು ಹೊಸದಾಗಿ ಕಡೆದುಕೊಟ್ಟ ಮೇಲೆ ಗುಂಡುಗಳು ಮತ್ತೆ ಒತ್ತಾಗಿ ಕೂತವು. ಈಗ ಅವನ ಪೆಟ್ಟಿಗೆಯಲ್ಲಿ ಒಂದು ವಹಿ ಇದೆ. ಹಾರಿಸಿದ ಪ್ರತಿ ಗುಂಡಿಗೂ ಅದರಲ್ಲಿ ಲೆಕ್ಕವಿದೆ.